ಮಧ್ಯಾಹ್ನ ಅಗ್ಗ, ಸಂಜೆ ದುಬಾರಿ: ಸೋಲಾರ್ ಕಾಲದ ಕರೆಂಟ್ ದರದಲ್ಲಿ ಗಾಂಧಿಬಜಾರ್ ಅಂಗಡಿಗೆ ಲಾಭವೋ ನಷ್ಟವೋ?

ಬೆಂಗಳೂರು: ಗಾಂಧಿಬಜಾರಿನಲ್ಲಿ ವ್ಯಾಪಾರ ಕಳೆಗಟ್ಟೋದೇ ಸಂಜೆ ಆರರ ಮೇಲೆ. ಮಲ್ಲೇಶ್ವರಂ 8ನೇ ಕ್ರಾಸ್‌ನಲ್ಲೂ ಅದೇ ಕಥೆ. ಬೋರ್ಡಿನ ಲೈಟು, ಫ್ರಿಜ್ಜು, ಫ್ಯಾನು ಎಲ್ಲ ಒಟ್ಟಿಗೆ ಓಡುವ ಹೊತ್ತದು. ರಾಜ್ಯಕ್ಕೆ ಕರೆಂಟ್ ದುಬಾರಿಯಾಗೋದೂ ಅದೇ ಹೊತ್ತಿಗೆ.

ಕಾರಣ ಬಿಸಿಲು. ಪಾವಗಡದ ಸೋಲಾರ್ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಅದು ಹರಡಿಕೊಂಡಿದೆ. ಇಡೀ ರಾಜ್ಯದ ಸೋಲಾರ್ ಸಾಮರ್ಥ್ಯ 9,000 ಮೆಗಾವ್ಯಾಟ್ ದಾಟಿದೆ. ಮಧ್ಯಾಹ್ನ ಇದೆಲ್ಲ ಧಾರಾಳವಾಗಿ ಬರುತ್ತೆ, ಸೂರ್ಯ ಮುಳುಗಿದ ಮೇಲೆ ಸೊನ್ನೆ. 1905ರಲ್ಲಿ ಕೆ.ಆರ್. ಮಾರುಕಟ್ಟೆ ಹತ್ತಿರ ಬೀದಿದೀಪ ಹೊತ್ತಿಸಿದ ಶಿವನಸಮುದ್ರದ ಕರೆಂಟೂ ಪ್ರಕೃತಿ ಕೊಟ್ಟದ್ದೇ. ಆದರೆ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿಕೊಳ್ಳಬಹುದು, ಬಿಸಿಲನ್ನು ಹಾಗೆ ಹಿಡಿದಿಡೋಕಾಗಲ್ಲ.

ಇದರ ಪರಿಣಾಮ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕಾಣುತ್ತೆ. ಅಲ್ಲಿ ದಿನವನ್ನು 15 ನಿಮಿಷದ 96 ತುಂಡು ಮಾಡಿ ಹರಾಜು ನಡೆಯುತ್ತೆ. ಬೇಡಿಕೆ ಪೂರೈಸಲು ಬೇಕಾದ ಕೊನೆಯ, ಅತಿ ದುಬಾರಿ ಯೂನಿಟ್‌ನ ಬೆಲೆಯೇ ಆ ತುಂಡಿನಲ್ಲಿ ಎಲ್ಲರಿಗೂ ಬೆಲೆ. ಬಿಸಿಲಿಗೆ ಇಂಧನದ ಖರ್ಚಿಲ್ಲ, ಹಾಗಾಗಿ ಮಧ್ಯಾಹ್ನ ಬೆಲೆ ಇಳಿಯುತ್ತೆ. ಸಂಜೆ ಕೊರತೆಯಾದರೆ ಗರಿಷ್ಠ ಮಿತಿಯಾದ 10 ರೂಪಾಯಿಗೂ ಮುಟ್ಟುತ್ತೆ.

ಹಾಗಾದರೆ ಮಧ್ಯಾಹ್ನದ ಅಗ್ಗ ನಮ್ಮ ಬಿಲ್ಲಿಗೆ ಯಾಕೆ ಬರಲ್ಲ? ಬೆಸ್ಕಾಂ ಕೊಳ್ಳುವ ಕರೆಂಟಿನಲ್ಲಿ ಹೆಚ್ಚಿನದು ದೀರ್ಘಾವಧಿ ಒಪ್ಪಂದದ್ದು. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕ ಮಧ್ಯಾಹ್ನ ಸುಮ್ಮನೆ ನಿಂತರೂ ಅದರ ನಿಗದಿತ ವೆಚ್ಚ ಕಟ್ಟಲೇಬೇಕು. ಕಟ್ಟದೆ ಮುಚ್ಚಿಬಿಡೋಣ ಅಂದರೆ ಸಂಜೆಗೆ ದಿಕ್ಕಿಲ್ಲ. 2023ರ ಬರಗಾಲದಲ್ಲಿ ಇದು ಚೆನ್ನಾಗಿ ಅರ್ಥವಾಯಿತು. ಜಲಾಶಯಗಳಲ್ಲಿ ನೀರಿರಲಿಲ್ಲ, ಪಂಪ್‌ಸೆಟ್‌ಗಳು ಬಿಡುವಿಲ್ಲದೆ ಓಡಿದವು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಉತ್ಪಾದಕರು ಇಲ್ಲಿಗೇ ಕರೆಂಟ್ ಕೊಡಬೇಕು ಅಂತ ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕೈಗಡವನ್ನೂ ತಂದಿತು.

ಇದಕ್ಕೆ ದೆಹಲಿ ಕಂಡುಕೊಂಡ ದಾರಿ ಹೊತ್ತಿಗೊಂದು ದರ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಿದ್ದಿದ ನಿಯಮದ ಪ್ರಕಾರ, ಬಿಸಿಲಿನ ಎಂಟು ಗಂಟೆ ದರ ಕನಿಷ್ಠ ಶೇ. 20 ಕಡಿಮೆ ಇರಬೇಕು. ವಾಣಿಜ್ಯ, ಕೈಗಾರಿಕೆಗೆ ಪೀಕ್ ಹೊತ್ತಿನಲ್ಲಿ ಕನಿಷ್ಠ ಶೇ. 20 ಹೆಚ್ಚು. 10 ಕಿಲೋವ್ಯಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಬಳಕೆದಾರರಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ ಅಂತ ಗಡುವು. ಇದಕ್ಕೆ ಸ್ಮಾರ್ಟ್ ಮೀಟರ್ ಬೇಕು. ಬಿಲ್ಲಿನಲ್ಲಿ ಯಾರಿಗೆ ಎಷ್ಟು ಅನ್ನೋದನ್ನು ತೀರ್ಮಾನಿಸೋದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ.

ಲೆಕ್ಕ ಹಾಕಿ ನೋಡೋಣ. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಟುಕೊಳ್ಳಿ. ಬಟ್ಟೆ ಅಂಗಡಿಯೊಂದು ದಿನಕ್ಕೆ 20 ಯೂನಿಟ್ ಸುಡುತ್ತೆ: ಸಂಜೆ 12, ಬಿಸಿಲಲ್ಲಿ 4, ಉಳಿದ ಹೊತ್ತು 4. ಈಗ 160 ರೂಪಾಯಿ ಆಗುವುದು ಆಗ 172 ರೂಪಾಯಿ 80 ಪೈಸೆ. ತಿಂಗಳಿಗೆ 384 ರೂಪಾಯಿ ಜಾಸ್ತಿ. ಅದೇ ಚಾಮರಾಜಪೇಟೆಯ ಹಿಟ್ಟಿನ ಗಿರಣಿಯೊಂದು 16 ಯೂನಿಟ್ ಬಿಸಿಲಲ್ಲಿ, 4 ಯೂನಿಟ್ ಸಂಜೆ ಬಳಸಿದರೆ ತಿಂಗಳಿಗೆ 576 ರೂಪಾಯಿ ಉಳಿತಾಯ. ಗಿರಣಿಯವರು ರಾಗಿ ಬೀಸೋದನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಬಹುದು. ಸೀರೆ ಕೊಳ್ಳೋಕೆ ಬರುವವರನ್ನು ಮಟಮಟ ಮಧ್ಯಾಹ್ನ ಬನ್ನಿ ಅನ್ನೋಕಾಗುತ್ತಾ?

ಹೊತ್ತಿಗೊಂದು ದರ ಅನ್ನೋದೇ ತಪ್ಪು ಅಂತಲ್ಲ. ಕೈಗಾರಿಕೆಗಳಿಗೆ ಇದು ಹಳೆಯದು. ಆದರೆ ಹಿಂದಿನ ದರಪಟ್ಟಿಗಳಲ್ಲಿ ರಿಯಾಯಿತಿ ಇದ್ದದ್ದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ. ಕಲ್ಲಿದ್ದಲು ಕಾಲದ ಲೆಕ್ಕವದು. ಈಗ ಮಿಗುವುದು ಮಧ್ಯಾಹ್ನ, ಪಟ್ಟಿಯೂ ತಿರುಗಲೇಬೇಕು. ತಕರಾರು ಇರೋದು ಹೊರೆ ಹಂಚುವುದರಲ್ಲಿ. 200 ಯೂನಿಟ್‌ವರೆಗಿನ ಗೃಹಜ್ಯೋತಿ ಇರುವ ಮನೆಗೆ ಸಂಜೆಯ ಬೆಲೆ ಹೆಚ್ಚು ತಟ್ಟಲ್ಲ. ಐಟಿ ಪಾರ್ಕಿನಂಥ ದೊಡ್ಡ ಗ್ರಾಹಕರು ಓಪನ್ ಆಕ್ಸೆಸ್‌ನಲ್ಲಿ ನೇರವಾಗಿ ಸೋಲಾರ್, ಗಾಳಿ ಕರೆಂಟ್ ಕೊಳ್ಳಬಹುದು. ಸಣ್ಣ ಅಂಗಡಿಗೆ ಎರಡೂ ಇಲ್ಲ. ಚಾವಣಿಗೆ ಸೋಲಾರ್ ಹಾಕಿಸಿ ಅನ್ನೋಣವೆಂದರೆ, ಬಾಡಿಗೆ ಮಳಿಗೆಯ ಚಾವಣಿ ಮಾಲೀಕರದ್ದು. ಪಿಎಂ ಸೂರ್ಯಘರ್‌ನ 78,000 ರೂಪಾಯಿವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ.

ಮಧ್ಯಾಹ್ನದ್ದನ್ನು ಸಂಜೆಗೆ ಕೂಡಿಡುವ ವ್ಯವಸ್ಥೆ ಬಂದರೆ ಪೀಕ್ ದರ ಇಳಿಯಬಹುದು. ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಅದಕ್ಕೇ ಇರೋದು. ಸಿಂಗಳೀಕಗಳ ಅಭಯಾರಣ್ಯದಲ್ಲಿ ಬರುತ್ತೆ ಅಂತ ಮಲೆನಾಡಿನಲ್ಲಿ ವಿರೋಧವೂ ಜೋರಾಗಿದೆ. ನಮ್ಮ ಸಂಜೆಯ ಲೈಟಿಗೆ ಅಲ್ಲಿನ ಕಾಡು ಬಲಿಯಾಗಬೇಕಾ ಅನ್ನುವ ಅವರ ಪ್ರಶ್ನೆಗೆ ಇಲ್ಲಿಯವರೂ ಉತ್ತರ ಹುಡುಕಬೇಕು.

ಅಲ್ಲಿಯವರೆಗೆ ಕೇಳಬಹುದಾದ್ದು ಇದೆ: ಸಣ್ಣ ಅಂಗಡಿಗಳಿಗೆ ಪೀಕ್ ದರ ಬೇಕೋ ಬೇಡವೋ ಆರಿಸಿಕೊಳ್ಳುವ ಅವಕಾಶ, ಮೀಟರ್ ಹಾಕಿದ ಮೊದಲ ವರ್ಷ ಹಳೆ ಮತ್ತು ಹೊಸ ಲೆಕ್ಕ ಎರಡನ್ನೂ ಬಿಲ್ಲಿನಲ್ಲೇ ತೋರಿಸುವುದು. ಬೆಸ್ಕಾಂ ಸಾಮಾನ್ಯವಾಗಿ ನವೆಂಬರ್ ಕೊನೆಗೆ ದರದ ಅರ್ಜಿ ಹಾಕುತ್ತೆ. ಆಮೇಲೆ ಕೆಇಆರ್‌ಸಿ ಆಕ್ಷೇಪಣೆ ಕರೆದು ಬಹಿರಂಗ ವಿಚಾರಣೆ ನಡೆಸುತ್ತೆ. ಕೈಗಾರಿಕಾ ಸಂಘಗಳು ಅಲ್ಲಿ ಅಂಕಿಅಂಶ ಹಿಡಿದು ವಾದಿಸುತ್ತವೆ. ಆಯೋಗದ ಕಚೇರಿ ಇರೋದು ವಸಂತನಗರದಲ್ಲಿ. ಮಲ್ಲೇಶ್ವರಂನ ವ್ಯಾಪಾರಿಗಳಿಗೆ ಅದೇನು ದೂರವಲ್ಲ.