ಎಲ್ಲರ ಮರಳು

ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿ ಸೇಂ ತ್ರೊಪೆ ಎಂಬ ಚಿಕ್ಕ ಊರೊಂದಿದೆ. ಕೋಟ್ಯಧಿಪತಿಗಳ ವಿಹಾರನೌಕೆಗಳಿಗೂ, ಚಲನಚಿತ್ರ ತಾರೆಯರಿಗೂ, ಸಮುದ್ರದಂಡೆಯ ಕ್ಲಬ್ಬುಗಳಿಗೂ ಜಗತ್ಪ್ರಸಿದ್ಧವಾದ ಈ ಊರಿಗೆ ಇಂದು ರೈಲುಮಾರ್ಗವಿಲ್ಲವೆಂದರೆ ವಾಚಕರು ನಂಬಲಾರರು. ರೈಲಿನಲ್ಲಿ ಬಂದವರು ಸೇಂ ರಾಫಾಯೆಲ್‌ನಲ್ಲಿ ಇಳಿದು ಬಸ್ಸನ್ನಾದರೂ ದೋಣಿಯನ್ನಾದರೂ ಹಿಡಿಯಬೇಕು. ಬೇಸಿಗೆಯಲ್ಲಿ ಬಸ್ಸನ್ನು ನಂಬಿದವನ ಪಾಡು ಹೇಳತೀರದು. ಮೈಲಿಗಟ್ಟಲೆ ಕಾರುಗಳು ಇರುವೆಗಳ ಸಾಲಿನಂತೆ ತೆವಳುತ್ತಿರುತ್ತವೆ. ಲಕ್ಷಾಂತರ ಬೆಲೆಯ ಕಾರು, ಹಳೆಯ ತರಕಾರಿ ಲಾರಿ, ಎರಡಕ್ಕೂ ಒಂದೇ ವೇಗ. ನಾವು ದೋಣಿಯಲ್ಲಿ ಹೋದೆವು.

ಬಂದರಿನಲ್ಲಿ ಇಳಿದೊಡನೆ ನಮ್ಮ ಕಣ್ಣಿಗೆ ಬೀಳುವುದು ಸ್ಥೂಲಕಾಯನಾದ ಒಬ್ಬ ನೌಕಾನಾಯಕನ ಕಂಚಿನ ಪ್ರತಿಮೆ. ಅಲ್ಲಿಗೆ ಬರುವ ಪ್ರವಾಸಿಗಳು ಅದಕ್ಕೆ ಬೆನ್ನು ಕೊಟ್ಟು ವಿಹಾರನೌಕೆಗಳ ಚಿತ್ರ ತೆಗೆಯುತ್ತಾರೆ. ಆದರೆ ಕನ್ನಡಿಗನಾದವನು ಅಲ್ಲಿ ಅರೆಗಳಿಗೆ ನಿಲ್ಲಬೇಕು. ಈತನೇ ಸುಫ್ರೆನ್. ಸೇಂ ತ್ರೊಪೆಯ ಒಡೆತನವನ್ನು ಹೊಂದಿದ್ದ ಮನೆತನದವನು. 1782 ಮತ್ತು 1783ರಲ್ಲಿ ಚೋಳಮಂಡಲದ ಕರಾವಳಿಯಲ್ಲಿಯೂ ಸಿಂಹಳದ ತೀರದಲ್ಲಿಯೂ ಇಂಗ್ಲಿಷರ ನೌಕಾಪತಿ ಹ್ಯೂಸನೊಡನೆ ಐದು ಬಾರಿ ಸೆಣಸಿದ ಸಾಹಸಿ. 1782ರ ಜುಲೈ ತಿಂಗಳಲ್ಲಿ ಕಡಲೂರಿನ ಬಳಿ ನಮ್ಮ ಹೈದರಾಲಿಯನ್ನು ಭೇಟಿಮಾಡಿದವನೂ ಇವನೇ. ನೆಲದ ಮೇಲೆ ಮೈಸೂರಿನ ಸೈನ್ಯ, ನೀರಿನ ಮೇಲೆ ಫ್ರೆಂಚರ ಹಡಗು, ಎರಡೂ ಕೂಡಿ ಇಂಗ್ಲಿಷರನ್ನು ಅಡಗಿಸಬೇಕೆಂಬುದು ಅಂದಿನ ಹವಣಿಕೆ. ಆ ಡಿಸೆಂಬರಿನಲ್ಲಿಯೇ ಹೈದರನು ತೀರಿಕೊಂಡನು. ಮುಂದಿನ ವರ್ಷ ಯೂರೋಪಿನಲ್ಲಿ ಸಂಧಿಯಾಯಿತೆಂದು ಸುಫ್ರೆನನೂ ಹಿಂದಿರುಗಿದನು. ಇಷ್ಟು ಕಥೆಯನ್ನು ನನ್ನ ಮಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಐಸ್‌ಕ್ರೀಮಿನ ಅಂಗಡಿಯನ್ನು ಗೊತ್ತುಮಾಡಿಕೊಂಡಿದ್ದನು.

ಭಾರತದ ನಂಟು ಅಲ್ಲಿಗೆ ಮುಗಿಯುವುದಿಲ್ಲ. ಮಹಾರಾಜಾ ರಣಜಿತ್ ಸಿಂಗನ ಅಶ್ವಸೈನ್ಯವನ್ನು ತಿದ್ದಿದ ಜನರಲ್ ಅಲ್ಲಾರ್ ಇದೇ ಊರಿನವನು. ಅವನು ಚಂಬಾದ ಬನ್ನೂ ಪಾನ್ ದೇಯಿ ಎಂಬಾಕೆಯನ್ನು ಮದುವೆಯಾಗಿ, ಮಕ್ಕಳೊಡನೆ ಇಲ್ಲಿಗೆ ಕರೆತಂದು ಬಿಟ್ಟು, ತಾನು ಕೆಲಸಕ್ಕೆ ಹಿಂದಿರುಗಿ, 1839ರಲ್ಲಿ ಪೇಶಾವರದಲ್ಲಿ ಮಡಿದನು. ಆಕೆ 1884ರವರೆಗೆ ಈ ಪರದೇಶದ ದಂಡೆಯಲ್ಲಿಯೇ ಬಾಳಿದಳು. ಆ ಮನೆ ಈಗ ಆಕೆಯ ಹೆಸರನ್ನೇ ಹೊತ್ತ ಹೋಟೆಲು. ನಲವತ್ತೈದು ವರ್ಷಗಳ ಆ ವೈಧವ್ಯವನ್ನು ಕುರಿತು ಯಾರಾದರೂ ಕಾದಂಬರಿ ಬರೆದರೆ ಓದಬೇಕೆಂದು ನನ್ನ ಆಸೆ.

ಮೀನುಗಾರರ ಈ ಹಳ್ಳಿಯನ್ನು ಮೊದಲು ಹೊರಲೋಕಕ್ಕೆ ತೋರಿಸಿದವರು ಚಿತ್ರಕಾರರು. 1892ರಲ್ಲಿ ಪಾಲ್ ಸಿಞಾಕ್ ಹಾಯಿದೋಣಿಯಲ್ಲಿ ಬಂದು ನೆಲಸಿದನು. 1904ರ ಬೇಸಿಗೆಯಲ್ಲಿ ಮಾತಿಸ್ ಬಂದನು. 1944ರ ಆಗಸ್ಟ್ 15ರಂದು ಮಿತ್ರರಾಷ್ಟ್ರಗಳ ಸೈನ್ಯ ಈ ತೀರದಲ್ಲಿ ಇಳಿಯಿತು. ಹಿಮ್ಮೆಟ್ಟುವ ಜರ್ಮನರು ಬಂದರನ್ನು ಸಿಡಿಸಿ ಹಾಳುಗೆಡವಿದರು. ಇಂದು ನಾವು ಹಳೆಯದೆಂದು ಮೆಚ್ಚುವ ಬಂದರಿನ ಮನೆಗಳೆಷ್ಟೋ ಯುದ್ಧಾನಂತರ ಮತ್ತೆ ಕಟ್ಟಿದವು.

ಕ್ಲಬ್ಬುಗಳ ಕಥೆ ಆರಂಭವಾಗುವುದು 1955ರಲ್ಲಿ. ರೊಜೆ ವಾದಿಮ್ ಎಂಬ ನಿರ್ದೇಶಕನು ಬ್ರಿಜಿತ್ ಬಾರ್ದೋ ಎಂಬ ತರುಣಿಯನ್ನು ನಾಯಕಿಯನ್ನಾಗಿ ಮಾಡಿ ಇಲ್ಲಿ ಚಿತ್ರವೊಂದನ್ನು ತೆಗೆಯುತ್ತಿದ್ದನು. ಪಾಂಪಲೋನ್ ದಂಡೆಯಲ್ಲಿ ಒಂದು ಸಂಸಾರ ಗುಡಿಸಲು ಹಾಕಿಕೊಂಡಿತ್ತು. ಗೃಹಿಣಿ ಅಡಿಗೆ ಮಾಡುತ್ತಿದ್ದುದನ್ನು ಕಂಡ ಚಿತ್ರತಂಡದವರು ಅದನ್ನು ಹೋಟೆಲೆಂದೇ ಬಗೆದು ಊಟ ಕೇಳಿದರಂತೆ. ಆಕೆ ಇಲ್ಲವೆನ್ನದೆ ಬಡಿಸಿದಳಂತೆ. ಆ ಗುಡಿಸಲೇ ಇಂದಿನ ‘ಕ್ಲಬ್ 55’. ಚಿತ್ರ 1956ರಲ್ಲಿ ತೆರೆಕಂಡಿತು. ಅನಂತರ ಊರು ಊರಾಗಿ ಉಳಿಯಲಿಲ್ಲ. ಅತಿಥಿಸತ್ಕಾರದಿಂದ ಹುಟ್ಟಿದ ಸಂಸ್ಥೆಯಲ್ಲಿ ಇಂದು ಊಟದ ಬಿಲ್ಲನ್ನು ನೋಡಿದರೆ ಆ ಗೃಹಿಣಿಯೇ ಬೆಚ್ಚುತ್ತಿದ್ದಳೋ ಏನೋ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಸೇಂ ತ್ರೊಪೆಯ ದಂಡೆಯೆಂದು ಜಗತ್ತು ಕರೆಯುವ ಪಾಂಪಲೋನ್ ಆ ಊರಿಗೆ ಸೇರಿದ್ದೇ ಅಲ್ಲ! ಅದು ಪಕ್ಕದ ಗುಡ್ಡದ ಮೇಲಿನ ರಾಮಾತ್ಯುಯೆಲ್ ಎಂಬ ಹಳ್ಳಿಯದು. ಹಿಂದೆ ದ್ರಾಕ್ಷಿಯ ತೋಟಗಳು, ಕೊಡೆಯಂತೆ ಹರಡಿದ ಪೈನ್ ಮರಗಳು. ಮುಂದೆ ಐದು ಕಿಲೋಮೀಟರಿಗೆ ಸಮೀಪವಾದ ಮರಳು. ನಾವು ಹೋದಾಗ ಕ್ಲಬ್ಬುಗಳ ಹಾಸಿಗೆಗಳು ಕೊಡೆಗಳಡಿಯಲ್ಲಿ, ಪರೀಕ್ಷಾಮಂದಿರದ ಮೇಜುಗಳಂತೆ ಸಾಲುಸಾಲಾಗಿ ಹಾಸಿದ್ದುವು. ನೀರಿಗೆ ಹತ್ತಿರದ ಸಾಲಿಗೆ ಹೆಚ್ಚು ದರ, ಹಿಂದಿನದಕ್ಕೆ ಕಡಮೆ. ಸಿನಿಮಾ ಮಂದಿರದ ಲೆಕ್ಕಕ್ಕೆ ತದ್ವಿರುದ್ಧ.

“ಏನ್ರೀ, ಸಮುದ್ರಕ್ಕೂ ಟಿಕೀಟು ಇಟ್ಟಿದ್ದಾರೆಯೇ?” ಎಂದು ನನ್ನ ಶ್ರೀಮತಿ ಕೇಳಿದಳು.

ಈ ಪ್ರಶ್ನೆ ಬಹು ಹಳೆಯದು. ಕಡಲ ತೀರ ಗಾಳಿ ನೀರುಗಳಂತೆ ಸರ್ವರಿಗೂ ಸಾಮಾನ್ಯವಾದುದೆಂದು ಆರನೆಯ ಶತಮಾನದಲ್ಲಿಯೇ ಜಸ್ಟಿನಿಯನ್ ಚಕ್ರವರ್ತಿಯ ಧರ್ಮಸಂಹಿತೆ ವಿಧಿಸಿತ್ತು. ಫ್ರಾನ್ಸಿನಲ್ಲಿ 1681ರ ನೌಕಾಶಾಸನ ತೀರದ ಎಲ್ಲೆಯನ್ನು ಗುರುತಿಸಿತು. 1986ರ ಕರಾವಳಿ ಕಾಯಿದೆಯಂತೂ ಸಮುದ್ರದಂಡೆಯ ಮೂಲ ಉದ್ದೇಶವೇ ಜನರ ಮುಕ್ತವೂ ಉಚಿತವೂ ಆದ ಬಳಕೆಯೆಂದು ಸಾರಿತು. 2006ರ ನಿಯಮದ ಪ್ರಕಾರ ಸಹಜವಾದ ತೀರದಲ್ಲಿ ನೂರಕ್ಕೆ ಎಂಬತ್ತು ಪಾಲು ಕಟ್ಟಡ ಸಾಮಗ್ರಿಗಳಿಂದ ಮುಕ್ತವಾಗಿರಬೇಕೆಂಬುದು ಸಾಮಾನ್ಯ ಕಟ್ಟಳೆ. ಕ್ಲಬ್ಬಿನವನು ಮರಳಿನ ಒಡೆಯನಲ್ಲ, ಗೇಣಿದಾರ. ಅವನು ಬಾಡಿಗೆಗೆ ಕೊಡುವುದು ಹಾಸಿಗೆಯನ್ನು, ಕೊಡೆಯನ್ನು, ಬಡಿಸುವವನ ವಿನಯವನ್ನು, ಅಲೆಯನ್ನಲ್ಲ. ನೀರಿನಂಚಿನ ದಾರಿಯಲ್ಲಿ ಯಾರು ಬೇಕಾದರೂ ನಡೆದುಹೋಗಬಹುದು.

ಇದನ್ನೆಲ್ಲ ವಿವರಿಸಿದಾಗ, “ಹಾಗಾದರೆ ನಮ್ಮ ಚಾಪೆ ಎಲ್ಲಿ ಹಾಸೋಣ?” ಎಂದಳು. ಇಬ್ಬದಿಯ ಕ್ಲಬ್ಬುಗಳ ನಡುವೆ ಸಾರ್ವಜನಿಕ ಮರಳಿನ ವಿಶಾಲವಾದ ತುಂಡುಗಳುಂಟು. ಅಲ್ಲಿ ಹಾಸಿದೆವು. ನಮ್ಮ ಒಂದು ಪಕ್ಕದಲ್ಲಿ ಅಜ್ಜ, ಅಜ್ಜಿ, ಮೂರು ಮೊಮ್ಮಕ್ಕಳು, ಒಂದು ಕಲ್ಲಂಗಡಿ ಹಣ್ಣು. ಇನ್ನೊಂದು ಪಕ್ಕದಲ್ಲಿ ಪುಸ್ತಕವನ್ನು ಮುಖದ ಮೇಲೆ ಮುಚ್ಚಿ ನಿದ್ರಿಸುತ್ತಿದ್ದ ಒಬ್ಬ ಮಹನೀಯ, ಬಹುಶಃ ಉಪಾಧ್ಯಾಯ.

ಆದರೆ ಮರಳಿಗೆ ಹಕ್ಕುದಾರರು ನಾವು ಮಾತ್ರವೇ ಅಲ್ಲ. ದಂಡೆಯ ಹಿಂದಿನ ಮರಳುದಿಬ್ಬಗಳನ್ನು ಒಂದು ಜಾತಿಯ ಹುಲ್ಲಿನ ಬೇರುಗಳು ಹಿಡಿದಿಟ್ಟಿರುತ್ತವೆ. ಚಳಿಗಾಲದ ಬಿರುಗಾಳಿಯಲ್ಲಿ ಅಲೆಗಳು ಕೊಚ್ಚಿದ ಮರಳಿಗೆ ಆ ದಿಬ್ಬವೇ ಉಗ್ರಾಣ. ದಡಕ್ಕೆ ಬಂದು ಬೀಳುವ ಕಡಲಹುಲ್ಲಿನ ಕಂದು ರಾಶಿಯೂ ಅಲೆಯ ಪೆಟ್ಟನ್ನು ತಡೆಯುತ್ತದೆ. ಪ್ರವಾಸಿಗೆ ಅದು ಕಸ, ತೀರಕ್ಕೆ ಅದು ಕವಚ. ದಶಕಗಳ ಕಾಲ ಕ್ಲಬ್ಬುಗಳು ಈ ದಿಬ್ಬಗಳ ಮೇಲೆಯೇ ಬೆಳೆದುವು. ಜನ ತುಳಿದು ಹುಲ್ಲು ಸತ್ತಿತು. ಕೊನೆಗೆ 2015ರ ಡಿಸೆಂಬರಿನಲ್ಲಿ ಪಾಂಪಲೋನಿಗೆಂದೇ ಒಂದು ಯೋಜನೆಗೆ ಸರ್ಕಾರದ ಮುದ್ರೆ ಬಿದ್ದಿತು. 2018ರ ಬೇಸಿಗೆ ಮುಗಿದ ಮೇಲೆ ಹಳೆಯ ಕಟ್ಟಡಗಳನ್ನು ಕೆಡವಿದರು. 2019ರಲ್ಲಿ ಕ್ಲಬ್ಬುಗಳು ದಿಬ್ಬದ ಹಿಂದಕ್ಕೆ ಸರಿದು, ಬಿಚ್ಚಿ ತೆಗೆಯಬಹುದಾದ ಮರದ ಕಟ್ಟಡಗಳಲ್ಲಿ ಮತ್ತೆ ಬಾಗಿಲು ತೆರೆದುವು. ಸಂಖ್ಯೆ ಇಪ್ಪತ್ತೇಳರಿಂದ ಇಪ್ಪತ್ತಮೂರಕ್ಕೆ ಇಳಿಯಿತು. ಇಂದು ದಿಬ್ಬಗಳ ಸುತ್ತ ಸೀಳಿದ ಮರದ ಗೂಟಗಳ ಬೇಲಿ ಕಾಣುತ್ತದೆ. ಅದರ ಬುಡದಲ್ಲಿ ಗಾಳಿ ತಂದ ಮರಳು ತಾನೇ ಗುಪ್ಪೆಯಾಗುತ್ತದೆ.

ಇಷ್ಟಾದರೂ ನನಗೆ ಒಂದು ಶಂಕೆ ಉಳಿಯಿತು. ಮರಳು ಉಚಿತ, ನಿಜ. ಅದರ ಬಳಿಗೆ ಬರುವುದು ಉಚಿತವಲ್ಲ. ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಹಣ ತೆರಬೇಕು. ಹತ್ತಿರದಲ್ಲಿ ತಂಗೋಣವೆಂದರೆ ಬಾಡಿಗೆ ಗಗನಕ್ಕೇರಿದೆ. ಬೇಸಿಗೆಯ ಮನೆಗಳಿಗೆ ಬೆಲೆಯೇರಿದಂತೆ ಸೇಂ ತ್ರೊಪೆಯ ಕಾಯಂ ನಿವಾಸಿಗಳ ಸಂಖ್ಯೆ ನಾಲ್ಕು ದಶಕಗಳಿಂದ ಇಳಿಯುತ್ತಲೇ ಇದೆ. ಚಳಿಗಾಲದಲ್ಲಿ ಬೀದಿಬೀದಿಯ ಕಿಟಕಿಗಳೇ ಮುಚ್ಚಿರುತ್ತವೆಂದು ಹೇಳುತ್ತಾರೆ. ದಂಡೆಯನ್ನು ಸರ್ವರಿಗೂ ಮೀಸಲಿಟ್ಟ ಕಾಯಿದೆಗೆ ಊರನ್ನು ಊರವರಿಗೆ ಉಳಿಸಿಕೊಡುವ ಶಕ್ತಿಯಿಲ್ಲ.

ಸಂಜೆಯಾಗುತ್ತಲೇ ಕ್ಲಬ್ಬಿನ ಹುಡುಗರು ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಕೊಡೆಗಳನ್ನು ಮಡಿಸಿ ಕಟ್ಟಿದರು. ಬಳಿಕ ಅವರಲ್ಲಿ ಮೂವರು ಬಿಳಿಯ ಅಂಗಿಗಳನ್ನು ಕಳಚಿ, ನಮ್ಮ ಚಾಪೆಯ ಪಕ್ಕದಲ್ಲಿ ಮಡಿಸಿಟ್ಟು, ಕೂಗುತ್ತ ನೀರಿಗೆ ಓಡಿದರು. ನನ್ನ ಮಗನೂ ಅವರ ಹಿಂದೆಯೇ ಓಡಿದನು.