ಯಂತ್ರಕ್ಕೆ ಬರೆಯುವ ವಿದ್ಯೆ

ಐ.ಟಿ.ಐ. ಇಲ್ಲವೆ ಡಿಪ್ಲೊಮಾ ಮುಗಿಸಿದ ಮಕ್ಕಳು ಇಂದು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಅವರು ಸಿ.ಎನ್.ಸಿ. ಯಂತ್ರಗಳ ಮುಂದೆ ನಿಂತು ದುಡಿಯುತ್ತಾರೆ. ಲೋಹದ ತುಂಡನ್ನು ಚಕ್ಕಿಗೆ ಸಿಕ್ಕಿಸುವುದು, ಬಾಗಿಲು ಮುಚ್ಚುವುದು, ಹಸಿರು ಗುಂಡಿ ಒತ್ತುವುದು, ಮುಗಿದ ತುಂಡನ್ನು ತೆಗೆದು ಅಳೆಯುವುದು, ಇದು ಅವರ ದಿನಚರಿ. ಐದಾರು ವರ್ಷ ಕಳೆದರೂ ಅದೇ ಗುಂಡಿ, ಅದೇ ಪಾಳಿ. ಆ ಯಂತ್ರವು ಏನು ಮಾಡಬೇಕೆಂದು ಬರೆದುಕೊಡುವ ಪ್ರೋಗ್ರಾಮರನ ಸಂಬಳ ಬೇರೆ, ಮರ್ಯಾದೆ ಬೇರೆ, ಮುಂದಿನ ದಾರಿಯೂ ಬೇರೆ. ಗುಂಡಿಯಿಂದ ಆ ಬರವಣಿಗೆಯ ಮೇಜಿಗೆ ಹೋಗುವುದು ಹೇಗೆ, ಹೋದವನು ತನ್ನ ವಿದ್ಯೆಯನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಸಾವಿರಾರು ರೂಪಾಯಿ ಕೊಟ್ಟು ಯಾವುದಾದರೊಂದು ಸಾಫ್ಟ್‌ವೇರ್ ಕಲಿಸಿದರೆ ಮಗ ಪ್ರೋಗ್ರಾಮರ್ ಆದನೆಂದು ಅನೇಕ ತಂದೆತಾಯಿಗಳು ಭಾವಿಸುತ್ತಾರೆ. ಚಿತ್ರದಿಂದ ನೇರವಾಗಿ ಯಂತ್ರದ ಆದೇಶಗಳನ್ನು ಹುಟ್ಟಿಸುವ ಕ್ಯಾಮ್ ಸಾಫ್ಟ್‌ವೇರ್ ಇಂದು ಅವಶ್ಯವೇ ಸರಿ. ಅದನ್ನು ಕಲಿಯಲೂ ಬೇಕು. ಆದರೆ ಅದು ಬರೆದುಕೊಟ್ಟ ಸಾಲುಗಳನ್ನು ಓದಿ ತಿಳಿಯಲಾರದವನು ಪರಾವಲಂಬಿಯಾಗಿಯೇ ಉಳಿಯುತ್ತಾನೆ. ಯಂತ್ರವು ಬರೆದುದನ್ನು ಮಾಡುತ್ತದೆಯೇ ಹೊರತು ಬರೆದವನ ಮನಸ್ಸಿನಲ್ಲಿದ್ದುದನ್ನು ಮಾಡದು. ಆದುದರಿಂದ ಪ್ರತಿಯೊಂದು ಅಕ್ಷರವು ಲೋಹದ ಮೇಲೆ ಏನನ್ನು ಮಾಡುವುದೆಂದು ಮೊದಲೇ ಕಾಣಬಲ್ಲ ದೃಷ್ಟಿಯೇ ಈ ವಿದ್ಯೆಯ ಮೂಲ.

ಈ ವಿದ್ಯೆ ಹುಟ್ಟಿ ಮುಕ್ಕಾಲು ಶತಮಾನ ಸಂದಿದೆ. ಅಮೆರಿಕದ ಮಿಶಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಗಳನ್ನು ಅಂಕಿಗಳಿಂದ ಗುರುತಿಸಿ ಕೊರೆಯುವ ಯೋಚನೆ ಮಾಡಿದನು. ೧೯೪೯ರಲ್ಲಿ ಅಲ್ಲಿಯ ವಾಯುಪಡೆಯ ನೆರವು ದೊರೆಯಿತು. ೧೯೫೨ರಲ್ಲಿ ಎಂ.ಐ.ಟಿ. ಸಂಸ್ಥೆಯು ರಂಧ್ರ ಕೊರೆದ ಪಟ್ಟಿಯ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಲೋಕಕ್ಕೆ ತೋರಿಸಿತು. ಮರುವರ್ಷ, ೧೯೫೩ರಲ್ಲಿ, ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು. ೧೯೬೨ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗಾಗಿ ಸಿ.ಎಂ.ಟಿ.ಐ. ಸಂಸ್ಥೆಯೂ ಇಲ್ಲಿಯೇ ತಲೆಯೆತ್ತಿತು. ರಂಧ್ರದ ಪಟ್ಟಿ ಹೋಗಿ ಗಣಕ ಬಂದಿತಾದರೂ ಅಕ್ಷರ ಮತ್ತು ಅಂಕಿಗಳನ್ನು ಜೋಡಿಸಿ ಬರೆಯುವ ಆ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಈ ಭಾಷೆಗೆ ತನ್ನದೇ ಆದ ವ್ಯಾಕರಣವುಂಟು. ‘ಜಿ೦೧ ಎಕ್ಸ್೫೦.೦ ಎಫ್೨೦೦’ ಎಂಬ ಸಾಲನ್ನು ನೋಡಿರಿ. ಜಿ೦೧ ಎಂಬುದು ಕ್ರಿಯಾಪದ. ನೇರ ಗೆರೆಯಲ್ಲಿ ಕೊರೆಯುತ್ತ ಸಾಗು ಎಂದು ಅದರ ಅರ್ಥ. ಎಕ್ಸ್ ಎಂಬುದು ಸೇರಬೇಕಾದ ಸ್ಥಾನ. ಎಫ್ ಎಂಬುದು ನಿಮಿಷಕ್ಕೆ ೨೦೦ ಮಿಲಿಮೀಟರಿನಂತೆ ಸಾಗು ಎಂಬ ಕ್ರಿಯಾವಿಶೇಷಣ. ಹೀಗೆಯೇ ಜಿ೦೦ ಎಂದರೆ ಕೊರೆಯದೆ ಅತಿವೇಗದಿಂದ ಓಡು. ಜಿ೦೨, ಜಿ೦೩ ಎಂದರೆ ಬಲಕ್ಕೆ, ಎಡಕ್ಕೆ ಕಮಾನಿನಂತೆ ತಿರುಗು. ಎಂ೦೩ ಎಂದರೆ ಸ್ಪಿಂಡಲನ್ನು ತಿರುಗಿಸು. ಎಂ೩೦ ಎಂದರೆ ಮುಕ್ತಾಯ. ನಿತ್ಯದ ಕೆಲಸಕ್ಕೆ ಬೇಕಾದ ಪದಗಳು ಐವತ್ತನ್ನು ಮೀರಲಾರವು. ಅವುಗಳನ್ನು ಬಾಯಿಪಾಠ ಮಾಡಲು ಒಂದು ತಿಂಗಳು ಸಾಕು. ಕಷ್ಟವಿರುವುದು ಅವುಗಳ ಪರಸ್ಪರ ಸಂಬಂಧದಲ್ಲಿ.

ಪಾಣಿನಿಯ ಸೂತ್ರಗಳನ್ನು ಓದಿದವರಿಗೆ ಅನುವೃತ್ತಿಯ ಪರಿಚಯವಿರುತ್ತದೆ. ಒಂದು ಸೂತ್ರದಲ್ಲಿ ಹೇಳಿದ ಪದವು ಮುಂದಿನ ಸೂತ್ರಗಳಲ್ಲಿ ಮತ್ತೆ ಹೇಳದಿದ್ದರೂ ತಾನಾಗಿಯೇ ಹರಿದುಬರುತ್ತದೆ. ಎಲ್ಲಿಯವರೆಗೆ ಬರುತ್ತದೆಂದು ತಿಳಿಯದವನಿಗೆ ಸೂತ್ರದ ಅರ್ಥವೇ ಕೆಡುತ್ತದೆ. ಯಂತ್ರಭಾಷೆಯಲ್ಲಿಯೂ ಇದೇ ನಿಯಮವಿದೆ. ಅಲ್ಲಿ ಇದನ್ನು ಮೋಡಲ್ ಎನ್ನುತ್ತಾರೆ. ಜಿ೯೦ ಎಂದರೆ ಅಳತೆಗಳೆಲ್ಲ ಸ್ಥಿರವಾದ ಮೂಲಬಿಂದುವಿನಿಂದ. ಜಿ೯೧ ಎಂದರೆ ಉಳಿಯು ಈಗ ನಿಂತಿರುವ ಸ್ಥಳದಿಂದ. ಒಮ್ಮೆ ಜಿ೯೧ ಬರೆದು ರದ್ದುಮಾಡಲು ಮರೆತರೆ, ಹತ್ತು ಸಾಲು ಕೆಳಗೆ ಬರೆದ ‘ಎಕ್ಸ್೫೦.೦’ ಎಂಬುದು ೫೦ರ ಸ್ಥಾನಕ್ಕೆ ಹೋಗದೆ ಇನ್ನೂ ೫೦ ಮಿಲಿಮೀಟರ್ ಮುಂದಕ್ಕೆ ಹೋಗಿ ವೈಸಿಗೆ ಬಡಿಯಬಹುದು. ಆದುದರಿಂದ ಅನುಭವಿಗಳು ಮಿಲ್ಲಿಂಗ್ ಪ್ರೋಗ್ರಾಮಿನ ಮೊದಲಿಗೂ ಪ್ರತಿ ಉಳಿ ಬದಲಾದಾಗಲೂ ಜಿ೯೦, ಜಿ೪೦, ಜಿ೪೯, ಜಿ೮೦ ಎಂದು ಬರೆದು ಹಿಂದಿನ ಅನುವೃತ್ತಿಗಳನ್ನೆಲ್ಲ ಕಡಿದುಹಾಕುತ್ತಾರೆ. ಕಲಿಯುವವನು ಯಾವುದೇ ಸಾಲಿನ ಮೇಲೆ ಬೆರಳಿಟ್ಟು, ಈ ಕ್ಷಣದಲ್ಲಿ ಯಾವ ಯಾವ ಆದೇಶಗಳು ಜೀವಂತವಾಗಿವೆ ಎಂದು ಹೇಳುವ ಅಭ್ಯಾಸ ಮಾಡಬೇಕು. ಇದಕ್ಕೆ ಯಂತ್ರ ಬೇಡ, ಕಾಗದ ಸಾಕು.

ಒಂದು ಬಿಂದುವಿನ ಬೆಲೆಯೂ ಇಲ್ಲಿ ದೊಡ್ಡದು. ಅನೇಕ ನಿಯಂತ್ರಕಗಳಲ್ಲಿ ದಶಮಾಂಶ ಬಿಂದುವಿಲ್ಲದೆ ‘ಝಡ್೫೦’ ಎಂದು ಬರೆದರೆ ಯಂತ್ರವು ಅದನ್ನು ೫೦ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಎಂದು ತಿಳಿಯುತ್ತದೆ. ಉಳಿಯು ಕೆಲಸದಿಂದ ೫೦ ಮಿಲಿಮೀಟರ್ ಮೇಲಕ್ಕೆ ಏಳಲಿ ಎಂಬುದು ಬರೆದವನ ಆಶಯ. ಅದು ಮೇಲ್ಮೈಯ ಮೇಲೆಯೇ ನಿಂತಿರುತ್ತದೆ. ಮುಂದಿನ ಸಾಲಿನ ಜಿ೦೦ ಅದನ್ನು ಅಡ್ಡಲಾಗಿ ಓಡಿಸಿದಾಗ ದಾರಿಯಲ್ಲಿರುವ ಕ್ಲಾಂಪಿಗೆ ಡಿಕ್ಕಿ ಹೊಡೆಯುತ್ತದೆ. ಉಳಿ ಮುರಿಯುವುದು ಸಣ್ಣ ನಷ್ಟ; ಸ್ಪಿಂಡಲಿನ ಬೇರಿಂಗ್ ಕೆಟ್ಟರೆ ಯಂತ್ರವು ವಾರಗಟ್ಟಲೆ ನಿಲ್ಲುತ್ತದೆ.

ವ್ಯಾಕರಣ ತಿಳಿದ ಮೇಲೆ ಲೋಹದ ಸ್ವಭಾವ ತಿಳಿಯಬೇಕು. ಉಳಿಯ ಅಂಚು ನಿಮಿಷಕ್ಕೆ ಎಷ್ಟು ಮೀಟರ್ ಕೊರೆಯಬಹುದೆಂಬುದನ್ನು ಉಳಿ ತಯಾರಕರ ಪಟ್ಟಿ ಹೇಳುತ್ತದೆ. ಆ ಸಂಖ್ಯೆಯನ್ನು ೧೦೦೦ದಿಂದ ಗುಣಿಸಿ, ವ್ಯಾಸ ಮತ್ತು ೩.೧೪೧೬ರ ಗುಣಲಬ್ಧದಿಂದ ಭಾಗಿಸಿದರೆ ನಿಮಿಷದ ಸುತ್ತುಗಳು ದೊರೆಯುತ್ತವೆ. ೨೦ ಮಿಲಿಮೀಟರ್ ವ್ಯಾಸದ ಕಟರಿಗೆ ೧೦೦ ಮೀಟರ್ ವೇಗವೆಂದರೆ ಸುಮಾರು ೧೫೯೨ ಸುತ್ತು. ಅದಕ್ಕೆ ನಾಲ್ಕು ಹಲ್ಲುಗಳಿದ್ದು, ಪ್ರತಿ ಹಲ್ಲಿಗೆ ೦.೦೫ ಮಿಲಿಮೀಟರ್ ಕೊಟ್ಟರೆ ನಿಮಿಷಕ್ಕೆ ಸುಮಾರು ೩೧೮ ಮಿಲಿಮೀಟರ್ ಮುನ್ನಡೆ. ಯಾರೋ ಹಿಂದೆ ಬರೆದ ಅಂಕಿಯನ್ನು ನಕಲು ಮಾಡುವವನಿಗೂ ಈ ಲೆಕ್ಕವನ್ನು ತಾನೇ ಹಾಕುವವನಿಗೂ ಬಹಳ ಅಂತರವಿದೆ. ಉಕ್ಕಿನ ಬದಲು ಅಲ್ಯೂಮಿನಿಯಂ ಬಂದ ದಿನ ಮೊದಲನೆಯವನು ಕೈಕಟ್ಟಿ ನಿಲ್ಲುತ್ತಾನೆ.

ಲೇತ್ ಯಂತ್ರದಲ್ಲಿ ಈ ಲೆಕ್ಕವು ಜೀವರಕ್ಷಣೆಯ ಪ್ರಶ್ನೆಯೂ ಆಗುತ್ತದೆ. ಜಿ೯೬ ಎಂದು ಬರೆದರೆ ಕೊರೆಯುವ ವೇಗ ಸ್ಥಿರವಾಗಿದ್ದು, ವ್ಯಾಸ ಕಡಿಮೆಯಾದಂತೆ ಸುತ್ತುಗಳು ಏರುತ್ತವೆ. ೨೦೦ ಮೀಟರ್ ವೇಗಕ್ಕೆ ೧೦೦ ಮಿಲಿಮೀಟರ್ ವ್ಯಾಸದಲ್ಲಿ ೬೩೭ ಸುತ್ತು. ೧೦ ಮಿಲಿಮೀಟರಿಗೆ ಬಂದಾಗ ೬೩೬೬ ಸುತ್ತು. ಕೇಂದ್ರದವರೆಗೆ ಕೊರೆದರೆ ಯಂತ್ರವು ತನ್ನ ಪರಮಾವಧಿ ವೇಗವನ್ನು ಮುಟ್ಟುತ್ತದೆ. ಸುತ್ತು ಏರಿದಂತೆ ಚಕ್ಕಿನ ದವಡೆಗಳ ಹಿಡಿತ ಸಡಿಲವಾಗುತ್ತದೆ. ಭಾರವಾದ ತುಂಡು ಕಳಚಿ ಸಿಡಿಯಬಹುದು. ಫಾನುಕ್ ಮಾದರಿಯ ಲೇತ್‌ಗಳಲ್ಲಿ ಜಿ೫೦ ಜೊತೆಗೆ ಎಸ್ ಸಂಖ್ಯೆ ಬರೆದು ಈ ವೇಗಕ್ಕೆ ಮಿತಿ ಹಾಕುವ ಪದ್ಧತಿಯಿದೆ. ಆ ಒಂದು ಸಾಲನ್ನು ಬರೆಯುವವನು ಬಾಗಿಲಿನ ಆಚೆ ನಿಂತ ಆಪರೇಟರನ ಪ್ರಾಣವನ್ನು ತನ್ನ ಹೊಣೆಯೆಂದು ತಿಳಿದು ಬರೆಯಬೇಕು.

ಮೂರನೆಯದು ನಕ್ಷೆಯನ್ನು ಓದುವ ಶಕ್ತಿ. ನಕ್ಷೆಯಲ್ಲಿ ೨೫ ಎಚ್೭ ಎಂದಿದ್ದರೆ ಆ ರಂಧ್ರವು ೨೫.೦೦೦ದಿಂದ ೨೫.೦೨೧ ಮಿಲಿಮೀಟರಿನ ಒಳಗೆ ಇರಬೇಕೆಂದು ಅರ್ಥ. ಹೊಸಬನು ೨೫.೦೦೦ಕ್ಕೆ ಗುರಿಯಿಟ್ಟು ಅಂಚಿನಲ್ಲಿ ನಿಲ್ಲುತ್ತಾನೆ. ಉಳಿ ಸವೆದಂತೆ ರಂಧ್ರವು ಕಿರಿದಾಗುತ್ತ ಹೋಗುವುದರಿಂದ ಅವನ ಕೆಲವೇ ತುಂಡುಗಳ ನಂತರದವು ತಿರಸ್ಕೃತವಾಗುತ್ತವೆ. ಬಲ್ಲವನು ಮಧ್ಯಕ್ಕಿಂತ ತುಸು ಮೇಲೆ ಗುರಿಯಿಟ್ಟು ಸವೆತಕ್ಕೆ ಅವಕಾಶ ಬಿಡುತ್ತಾನೆ. ಹೊರವ್ಯಾಸ ಕೊರೆಯುವಾಗ ಇದಕ್ಕೆ ವಿರುದ್ಧವಾದ ಕ್ರಮ. ಈ ಭಾಗವು ಯಾವುದರೊಂದಿಗೆ ಕೂಡಿಕೊಳ್ಳುವುದು, ಯಾವ ಮುಖವನ್ನು ಆಧಾರವಾಗಿ ಹಿಡಿದು ಅಳೆಯಬೇಕು ಎಂದು ಕೇಳಿ ತಿಳಿಯದೆ ಲೇಖನಿ ಹಿಡಿಯಬಾರದು.

ಬರೆದಾದ ಮೇಲೆ ಪರೀಕ್ಷೆ. ಪರದೆಯ ಮೇಲೆ ಉಳಿಯ ದಾರಿಯನ್ನು ಚಿತ್ರವಾಗಿ ನೋಡುವುದು ಮೊದಲ ಹೆಜ್ಜೆ. ಅನಂತರ ಕೆಲಸದ ತುಂಡಿಗಿಂತ ಎತ್ತರದಲ್ಲಿ, ಗಾಳಿಯಲ್ಲಿಯೇ ಒಮ್ಮೆ ಓಡಿಸಬೇಕು. ಮೂರನೆಯ ಹೆಜ್ಜೆಯಾಗಿ ಸಿಂಗಲ್ ಬ್ಲಾಕ್ ಹಾಕಿ, ವೇಗವನ್ನು ತಗ್ಗಿಸಿ, ಒಂದೊಂದೇ ಸಾಲನ್ನು ನಡೆಸಬೇಕು. ಉಳಿಯು ತುಂಡಿನ ಸಮೀಪಕ್ಕೆ ಬಂದಾಗ ತಡೆದು ನಿಲ್ಲಿಸಿ, ಇನ್ನೂ ಕ್ರಮಿಸಬೇಕಾದ ದೂರವೆಂದು ಪರದೆ ತೋರಿಸುವ ಅಂಕಿಯನ್ನು ಕಣ್ಣಿಗೆ ಕಾಣುವ ಅಂತರದೊಂದಿಗೆ ಹೋಲಿಸಬೇಕು. ಪರದೆಯು ೮೦ ಎನ್ನುತ್ತಿದ್ದು ಅಂತರವು ೧೦ ಮಾತ್ರ ಇದ್ದರೆ ಅಪಾಯವಿದೆಯೆಂದು ತಿಳಿಯಲು ಬೇರೆ ಪಾಂಡಿತ್ಯ ಬೇಡ. ಈ ಹದಿನೈದು ನಿಮಿಷಗಳನ್ನು ಉಳಿಸಲು ಹೋಗಿ ದಿನಗಳನ್ನು ಕಳೆದುಕೊಂಡ ಕಾರ್ಖಾನೆಗಳು ಬಹಳ.

ಆಪರೇಟರ್ ಆಗಿರುವ ಯುವಕನಿಗೆ ಒಂದು ಅನುಕೂಲವಿದೆ. ಕೊರೆತದ ಸದ್ದು, ಚೂರುಗಳ ಬಣ್ಣ, ಉಳಿಯ ನಡುಕ ಇವೆಲ್ಲ ಅವನಿಗೆ ನಿತ್ಯ ಪರಿಚಿತ. ಕಚೇರಿಯಲ್ಲಿ ಕುಳಿತೇ ಕಲಿತವನಿಗೆ ಇದು ದೊರೆಯದು. ಅವನು ಒಂದು ಪುಸ್ತಕವನ್ನಿಟ್ಟು, ಯಾವ ಲೋಹಕ್ಕೆ ಯಾವ ಉಳಿ, ಎಷ್ಟು ವೇಗ, ಎಷ್ಟು ತುಂಡುಗಳ ನಂತರ ಅಂಚು ಸವೆಯಿತು ಎಂದು ಪ್ರತಿದಿನ ಬರೆದಿಡಲಿ. ತಾನು ನಡೆಸುವ ಪ್ರೋಗ್ರಾಮಿನ ಒಂದು ಸಾಲಾದರೂ ಏಕೆ ಹಾಗಿದೆ ಎಂದು ದಿನವೂ ವಿಚಾರಿಸಲಿ. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಮತ್ತೆ ತೆರೆಯಲಿ. ೮೦ ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಸಮಾಂತರದಲ್ಲಿ ಆರು ರಂಧ್ರಗಳಿದ್ದರೆ, ಮೊದಲನೆಯದು ಎಕ್ಸ್ ೪೦, ವೈ ೦. ಎರಡನೆಯದು ಎಕ್ಸ್ ೨೦, ವೈ ೩೪.೬೪೧. ಉಳಿದ ನಾಲ್ಕನ್ನು ಅವನೇ ಕಂಡುಹಿಡಿಯಲಿ. ಇದು ಕರಗತವಾದ ಮೇಲೆ ಚರಸಂಖ್ಯೆಗಳನ್ನು ಬಳಸುವ ಮ್ಯಾಕ್ರೋ ಕಲಿತರೆ, ಆರು ರಂಧ್ರಗಳಿಗೂ ಅರವತ್ತಕ್ಕೂ ಒಂದೇ ಪ್ರೋಗ್ರಾಮ್ ಸಾಕಾಗುತ್ತದೆ. ಆಗ ಕ್ಯಾಮ್ ಕಲಿತರೆ ಅದು ಅವನ ಕೈಯ ಉಪಕರಣವಾಗುತ್ತದೆ.

ಕ್ರಮಬದ್ಧವಾಗಿ ಕಲಿಯಲಿಚ್ಛಿಸುವವರಿಗೆ, ೧೯೭೨ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಗಳು ಮೈಸೂರು, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಕೂಡಲಸಂಗಮ ಮೊದಲಾದೆಡೆ ಇವೆ. ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳನ್ನೂ ಅಲ್ಲಿಗೆ ಕಳುಹಿಸಲು ಮನೆಯವರು ಹಿಂಜರಿಯಬಾರದು. ಈ ಕೆಲಸವು ತೋಳ್ಬಲವನ್ನು ಬೇಡುವುದಿಲ್ಲ. ಏಕಾಗ್ರತೆಯನ್ನು, ಲೆಕ್ಕದ ಶುದ್ಧಿಯನ್ನು ಬೇಡುತ್ತದೆ.

ಮನೆಯ ಹಿರಿಯರಲ್ಲಿ ಒಂದು ಮಾತು. ಪಾಳಿ ಮುಗಿಸಿ ಬಂದ ಮಗನು ರಾತ್ರಿ ಅರ್ಧ ಗಂಟೆ ಕಾಗದದ ಮೇಲೆ ಅಂಕಿಗಳನ್ನು ಬರೆಯುತ್ತ ಕುಳಿತರೆ, ಅದು ಪರೀಕ್ಷೆಗಾಗಿ ಓದುವಷ್ಟೇ ಗೌರವದ ಕೆಲಸವೆಂದು ತಿಳಿದು ದೂರದರ್ಶನದ ಸದ್ದನ್ನು ತಗ್ಗಿಸಿರಿ. ಸಂಬಳ ಕೂಡಲೇ ಏರಲಿಲ್ಲವೆಂದು ಹಂಗಿಸಬೇಡಿರಿ. ಎರಡು ಮೂರು ವರ್ಷ ಹೀಗೆ ಅಭ್ಯಾಸ ನಡೆದರೆ ಅವನು ಬರೆದ ಪ್ರೋಗ್ರಾಮನ್ನು ನಂಬಿ ಇನ್ನೊಬ್ಬನು ನಿಶ್ಚಿಂತೆಯಿಂದ ಹಸಿರು ಗುಂಡಿ ಒತ್ತುವ ದಿನ ಬರುತ್ತದೆ.