ಕಂಠಪಾಠಕ್ಕೆ ಇತಿಹಾಸವೆಂಬ ಹೆಸರೇಕೆ?

ನವೆಂಬರ್ ಒಂದರಂದು ಇಮ್ಮಡಿ ಪುಲಕೇಶಿಯ ಹೆಸರೆತ್ತಿ ಜಯಘೋಷ ಮಾಡದ ಸಭೆ ನಮ್ಮ ನಾಡಿನಲ್ಲಿ ವಿರಳ. ಆ ಸಭೆಯಲ್ಲಿ ಕೈತಟ್ಟಿದ ಗೃಹಸ್ಥರೇ, ತಮ್ಮ ಮಗನು ಪದವಿಪೂರ್ವ ತರಗತಿಯಲ್ಲಿ ಇತಿಹಾಸವನ್ನು ಓದುವೆನೆಂದರೆ ಹೌಹಾರುವರು. ಗಣಿತ ಬಾರದವರ ಪಾಲಿನ ವಿಷಯವಲ್ಲವೇ ಅದು ಎಂದು ಕೇಳುವರು. ಈ ಇಬ್ಬಗೆಯ ನಡೆ ನಾಚಿಕೆಗೇಡಿನದೇ ಸರಿ. ಆದರೆ ತಂದೆತಾಯಿಗಳನ್ನಷ್ಟೇ ಹಳಿದು ನಾವು ಕೈತೊಳೆದುಕೊಳ್ಳಲಾಗದು. ಇತಿಹಾಸವೆಂಬ ಹೆಸರಿನಲ್ಲಿ ಆ ಎರಡು ವರ್ಷ ನಾವು ಮಕ್ಕಳಿಗೆ ಬಡಿಸುತ್ತಿರುವುದಾದರೂ ಏನು?

ಮೊದಲನೆಯ ವರ್ಷ ಜಗತ್ತಿನ ನಾಗರಿಕತೆಗಳು. ಎರಡನೆಯ ವರ್ಷ ಭಾರತದ ಚರಿತ್ರೆ, ಕೊನೆಗೆ ಕರ್ನಾಟಕದ ಏಕೀಕರಣ. ಪಠ್ಯದ ಹರವಿನಲ್ಲಿ ನಮಗೆ ದೋಷ ಕಾಣದು. ದೋಷವಿರುವುದು ಪ್ರಶ್ನಪತ್ರಿಕೆಯಲ್ಲಿ. 1 ಅಂಕಕ್ಕೆ ಒಂದು ಹೆಸರು, 10 ಅಂಕಕ್ಕೆ ಉಪಶೀರ್ಷಿಕೆಗಳ ಸಹಿತ ಬಾಯಿಪಾಠ ಮಾಡಿದ ನಾಲ್ಕು ಪುಟ. ಕನ್ನಡದ ಹಳೆಯ ಶಾಸನ ಯಾವುದೆಂದು ಕೇಳಿದರೆ ಹಲ್ಮಿಡಿ ಎಂದು ಬರೆದರೆ ಮುಗಿಯಿತು. ಆ ಶಾಸನದ 16 ಸಾಲುಗಳಲ್ಲಿ ಎಲ್ಲಿಯೂ ಕಾಲದ ಉಲ್ಲೇಖವಿಲ್ಲ, ಕ್ರಿ.ಶ. ಸುಮಾರು 450 ಎಂಬುದು ಅಕ್ಷರಗಳ ರೂಪವನ್ನೂ ಅದರಲ್ಲಿ ಬರುವ ಹೆಸರುಗಳನ್ನೂ ನೋಡಿ ವಿದ್ವಾಂಸರು ಮಾಡಿದ ನಿರ್ಣಯ, ಅದನ್ನು ಒಪ್ಪದವರೂ ಇದ್ದಾರೆ ಎಂಬ ಮಾತು ವಿದ್ಯಾರ್ಥಿಯ ಕಿವಿಗೆ ಬೀಳುವುದೇ ಅಪರೂಪ.

ಪುಲಕೇಶಿಯ ಸಂಗತಿಯನ್ನೇ ತೆಗೆದುಕೊಳ್ಳೋಣ. ಅವನು ಹರ್ಷವರ್ಧನನನ್ನು ತಡೆದನೆಂದು ಹೇಳುವುದು 634ರ ಐಹೊಳೆಯ ಶಾಸನ. ಅದನ್ನು ರಚಿಸಿದ ರವಿಕೀರ್ತಿಯು ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಕಾಳಿದಾಸ ಭಾರವಿಗಳ ಸಾಲಿನಲ್ಲಿ ತನ್ನನ್ನು ತಾನೇ ನಿಲ್ಲಿಸಿಕೊಂಡವನು. ಧಣಿಯ ಸೋಲನ್ನು ಅಂಥವನು ಕಲ್ಲಿನಲ್ಲಿ ಕೊರೆಯಿಸುವನೇ? ಹಾಗಾದರೆ ಅವನ ಮಾತನ್ನು ನಂಬುವುದು ಹೇಗೆ? ಇಲ್ಲಿ ಹ್ಯೂಯೆನ್ ತ್ಸಾಂಗನು ನೆರವಿಗೆ ಬರುವನು. ಹರ್ಷನ ಆದರಾತಿಥ್ಯವನ್ನು ಉಂಡ ಆ ಚೀನೀ ಯಾತ್ರಿಕನೇ, ಪುಲಕೇಶಿಯನ್ನು ಹರ್ಷನು ಮಣಿಸಲಾರದೆ ಹೋದನೆಂದು ಬರೆದಿಟ್ಟಿದ್ದಾನೆ. ಗೆದ್ದವನ ಕವಿಯ ಸಾಕ್ಷ್ಯಕ್ಕೆ ಎದುರಾಳಿಯ ಅತಿಥಿಯ ಸಾಕ್ಷ್ಯ ಜೊತೆಗೂಡಿದಾಗ ನಮ್ಮ ನಂಬಿಕೆಗೆ ಬುನಾದಿ ದೊರೆಯಿತು. ಯುದ್ಧವು ಯಾವಾಗ ನಡೆಯಿತು? ಸುಮಾರು 630ರಲ್ಲಿ ಎಂದು ಹಿಂದಿನವರು ಎಣಿಸುತ್ತಿದ್ದರು. 619ರ ತಾಮ್ರಶಾಸನವೊಂದು ಈಚೆಗೆ ಪ್ರಕಟವಾದ ಬಳಿಕ, ಅದಕ್ಕೂ ಮುಂಚೆಯೇ ನಡೆದಿರಬೇಕೆಂಬ ವಾದ ಹುಟ್ಟಿದೆ. ಇಂಥ ರಸವತ್ತಾದ ವಿಚಾರಣೆಯನ್ನು ಹದಿನೇಳರ ಹುಡುಗನಿಂದ ಮುಚ್ಚಿಟ್ಟು, "ದಕ್ಷಿಣಾಪಥೇಶ್ವರ ಎಂಬ ಬಿರುದು ಯಾರದು?" ಎಂದು ಕೇಳಿ ಅವನನ್ನು ಮನೆಗೆ ಕಳುಹಿಸುತ್ತೇವೆ.

ಆ ವಯಸ್ಸಿಗೆ ಇದು ಮೀರಿದ ವಿಷಯವೆಂದು ಕೆಲವರು ಹೇಳಬಹುದು. ಅದೇ ವಯಸ್ಸಿನವರು ಇಂಗ್ಲೆಂಡಿನಲ್ಲಿ ಏನು ಮಾಡುವರೆಂಬುದನ್ನು ಅವರು ನೋಡಲಿ. ಅಲ್ಲಿ 1951ರಿಂದ ನಡೆದುಬಂದಿರುವ 'ಎ ಲೆವೆಲ್' ಪರೀಕ್ಷೆಗೆ ವಿದ್ಯಾರ್ಥಿಯು ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆಳವಾಗಿ ಓದುವನು. ಇತಿಹಾಸವನ್ನು ಆರಿಸಿಕೊಂಡವನು ಆಯಾ ಕಾಲದ ದಾಖಲೆಗಳನ್ನು ಮುಂದಿಟ್ಟುಕೊಂಡು ಅವುಗಳ ಯೋಗ್ಯತೆಯನ್ನು ಅಳೆಯಬೇಕು. ಇತಿಹಾಸಕಾರರ ಭಿನ್ನಮತಗಳನ್ನು ತೂಗಬೇಕು. ನೂರಕ್ಕೆ 20ರಷ್ಟು ಅಂಕಗಳು ಅವನೇ ಶೋಧಿಸಿ ಬರೆದ ಪ್ರಬಂಧಕ್ಕೆ ಮೀಸಲು. ತಮ್ಮ ಸಾಮ್ರಾಜ್ಯದ ಪಾಪಗಳನ್ನು ಆಂಗ್ಲರು ಎಷ್ಟರಮಟ್ಟಿಗೆ ಓದಿಸುತ್ತಾರೆಂಬುದು ಬೇರೆ ಜಗಳ. ಅವರನ್ನು ಅನುಕರಿಸಿರೆಂದು ನಾವು ಹೇಳುತ್ತಿಲ್ಲ. ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ತಾನೇ ಅಳೆದು ನೋಡಬಹುದಾದರೆ, ಇತಿಹಾಸದ ವಿದ್ಯಾರ್ಥಿಗೇಕೆ ಆ ಭಾಗ್ಯವಿಲ್ಲವೆಂದು ಕೇಳುತ್ತಿದ್ದೇವೆ.

ಅವನ ಪ್ರಯೋಗಶಾಲೆಗೆ ಕಾಸಿನ ಖರ್ಚಿಲ್ಲ. ರೈಸ್ ಸಾಹೇಬರು 1886ರಲ್ಲಿ ಪ್ರಾರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗುಗಳ ಸಾವಿರಾರು ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಅವುಗಳಲ್ಲಿ ಬಹುಪಾಲು ಕನ್ನಡದವು. ಕನ್ನಡ ಮಾಧ್ಯಮದ ಬಡಹುಡುಗನಿಗೆ ಇಂಗ್ಲಿಷ್ ಗ್ರಂಥಗಳ ಬಾಗಿಲು ಮುಚ್ಚಿದೆಯೆಂದು ನಾವು ಮರುಗುವುದುಂಟು. ಈ ಬಾಗಿಲಿನ ಬೀಗದ ಕೈ ಮಾತ್ರ ಅವನಲ್ಲಿಯೇ ಇದೆ! ಹಳಗನ್ನಡದ ತೊಡಕನ್ನು ಬಿಡಿಸಲು ಕನ್ನಡ ಪಂಡಿತರು ಪಕ್ಕದ ಕೊಠಡಿಯಲ್ಲಿಯೇ ಇದ್ದಾರೆ.

ಉಪಾಧ್ಯಾಯರನ್ನು ನಾವು ದೂರುವುದಿಲ್ಲ. ಫಲಿತಾಂಶದ ಕತ್ತಿ ತಲೆಯ ಮೇಲೆ ತೂಗುತ್ತಿರುವಾಗ, ಪರೀಕ್ಷೆಯಲ್ಲಿ ಕೇಳದುದನ್ನು ಕಲಿಸುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ಆದುದರಿಂದ ಬದಲಾಗಬೇಕಾದುದು ಪರೀಕ್ಷೆ. ಆಂತರಿಕ ಮೌಲ್ಯಮಾಪನಕ್ಕೆಂದು ಈಚೆಗೆ ಬಿಟ್ಟುಕೊಟ್ಟಿರುವ 20 ಅಂಕಗಳನ್ನು ಪಠ್ಯಪುಸ್ತಕದ ನಕಲು ಪ್ರತಿಗೆ ಚೆಲ್ಲಬಾರದು. ಊರ ಗುಡಿಯ ಹಿಂದೆ ಎಣ್ಣೆ ಕುಂಕುಮ ಬಳಿಸಿಕೊಂಡು ನಿಂತಿರುವ ವೀರಗಲ್ಲು ಯಾರದು, ಆತನು ಸತ್ತದ್ದು ತುರುಗಾಳಗದಲ್ಲಿಯೋ ಗಡಿಜಗಳದಲ್ಲಿಯೋ, ಹಾಗೆಂದು ಹೇಳುವವರು ಯಾರು, ಅವರನ್ನು ನಂಬಬಹುದೇ ಎಂದು ವಿದ್ಯಾರ್ಥಿಯು ವಿಚಾರಿಸಿ ಬರೆಯಲಿ. ಮುಖ್ಯ ಪರೀಕ್ಷೆಯಲ್ಲಿಯೂ ಅವನು ಹಿಂದೆಂದೂ ಕಾಣದ ಒಂದು ಶಾಸನಭಾಗವನ್ನು ಅಚ್ಚುಮಾಡಿ ಕೊಟ್ಟು, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬ ಪ್ರಶ್ನೆಯನ್ನು ಕೇಳಲಿ. ಇಲಾಖೆಯು ಈ ಒಂದು ಪ್ರಶ್ನೆಯನ್ನು ಬರುವ ವರ್ಷವೇ ಸೇರಿಸಬಹುದು. ಅದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಹೊಸ ಸಮಿತಿಯೂ ಬೇಡ.